ಮಾಳಿಗೆಯ ಪೈಲ್ವಾನ

ಕುಂದಗೋಳಕ್ಕೆ ಬರುವವರು ಸವಾಯಿ ಗಂಧರ್ವರನ್ನು ನೆನೆದು ಬರುತ್ತಾರೆ. ಭೀಮಸೇನ ಜೋಶಿಯವರು ಗುರುವಿನ ಮನೆಗೆ ನೀರು ಹೊತ್ತ ಊರು, ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲು ಹತ್ತಿ ಪಾಠಕ್ಕೆ ಬರುತ್ತಿದ್ದ ಊರು ಎಂದು ನಾಡಿಗೇರ ವಾಡೆಯ ಮುಂದೆ ನಿಂತು ಕೈಮುಗಿಯುತ್ತಾರೆ, ಶಂಭುಲಿಂಗನ ಗುಡಿಯ ಕಂಬಗಳನ್ನು ಮುಟ್ಟಿ ನೋಡಿ ಹೋಗುತ್ತಾರೆ. ಮಾಳಿಗೆ ಹತ್ತುವವರು ಯಾರೂ ಇಲ್ಲ. ಹತ್ತಿದರೆ ಬೇರೆಯದೇ ಊರು ಕಾಣುತ್ತದೆ. ನಮ್ಮ ಓಣಿಯ ಹಳೆಯ ಮನೆಗಳೆಲ್ಲ ಮಣ್ಣಿನ ಮೇಲ್ಮುದ್ದಿಯವು, ಒಂದರ ಗೋಡೆಗೆ ಇನ್ನೊಂದು ಆತು ನಿಂತವು. ಕೆಳಗೆ ಬಾಗಿಲು ಬೇರೆ, ಅಗಳಿ ಬೇರೆ. ಮೇಲೆ ಓಣಿಯ ಈ ತುದಿಯಿಂದ ಆ ತುದಿಯವರೆಗೆ ಒಂದೇ ಅಂಗಳ. ಅಲ್ಲಿ ಮೆಣಸಿನಕಾಯಿ ಹರವುತ್ತೇವೆ, ಹಪ್ಪಳ ಒಣಗಿಸುತ್ತೇವೆ, ಬೇಸಿಗೆಯಲ್ಲಿ ಮಲಗುತ್ತೇವೆ. ಪ್ರತಿ ಮನೆಯ ನಡುಮನೆಗೆ ಬೆಳಕು ಇಳಿಯಲೆಂದು ಮಾಳಿಗೆಯಲ್ಲೊಂದು ಬೆಳಕಿಂಡಿ ಇರುತ್ತದೆ. ಬೆಕ್ಕಿನ ಮಟ್ಟಿಗೆ ಅದು ಬಾಗಿಲು.

ಆ ಅಂಗಳ ಒಂದು ಕೆಂಚು ಗಂಡಬೆಕ್ಕಿನ ವಶದಲ್ಲಿತ್ತು. ಓಣಿಯ ಹುಡುಗರು ಅದನ್ನು ಪೈಲ್ವಾನ ಎಂದು ಕರೆಯುತ್ತಿದ್ದರು. ಗರಡಿಯಲ್ಲಿ ಸಾಮು ಮಾಡಿದವರ ಹಾಗೆ ಅದರ ಕತ್ತು ತಲೆಯಷ್ಟೇ ದಪ್ಪ. ಕೆನ್ನೆಗಳು ಎರಡೂ ಕಡೆ ಉಬ್ಬಿ ಮುಖ ಅಗಲವಾಗಿತ್ತು. ಬಲಗಿವಿ ಹರಿದಿತ್ತು, ಮೂಗಿನ ಮೇಲೆ ಹಳೆಯ ಗೀರುಗಳು. ಕಂಡವರು ತಿಂದು ಕೊಬ್ಬಿದೆ ಎನ್ನುತ್ತಿದ್ದರು. ಆ ಕೆನ್ನೆ ತಿಂದು ಬಂದದ್ದಲ್ಲ. ಬೀಜ ಒಡೆಸದ ಗಂಡಬೆಕ್ಕು ಪ್ರಾಯಕ್ಕೆ ಬಂದಾಗ ಟೆಸ್ಟೋಸ್ಟೆರಾನ್ ಹಾರ್ಮೋನು ಅದರ ಕೆನ್ನೆ, ಕತ್ತುಗಳ ಚರ್ಮವನ್ನು ದಪ್ಪಗೊಳಿಸುತ್ತದೆ. ಎದುರಾಳಿಯ ಹಲ್ಲು ಆಳಕ್ಕೆ ಇಳಿಯದಂತೆ ಅದು ರಕ್ಷಣೆ. ಪೈಲ್ವಾನನ ಹೊಟ್ಟೆಯನ್ನು ಹತ್ತಿರದಿಂದ ನೋಡಿದರೆ ಪಕ್ಕೆಲುಬು ಎಣಿಸಬಹುದಾಗಿತ್ತು.

ಅದು ನಮ್ಮ ಮನೆಗೆ ಇಳಿಯತೊಡಗಿದ್ದು ಸಂಕ್ರಾಂತಿ ಕಳೆದ ಮೇಲೆ. ಹಗಲು ಉದ್ದವಾಗುತ್ತ ಹೋದ ಹಾಗೆ ಹೆಣ್ಣುಬೆಕ್ಕುಗಳು ಬೆದೆಗೆ ಬರುತ್ತವೆ, ಗಂಡುಗಳ ತಿರುಗಾಟ ಹೆಚ್ಚುತ್ತದೆ. ಅದೇ ಹೊತ್ತಿಗೆ ಹಿಂಗಾರಿ ಜೋಳ, ಕಡಲಿ, ಕುಸುಬಿ ಹೊಲದಿಂದ ಮನೆಗೆ ಬರುತ್ತವೆ, ಅವುಗಳ ಹಿಂದೆಯೇ ಇಲಿ. ನಮ್ಮ ಕಡೆ ಯಾವ ಒಕ್ಕಲು ಮನೆಯೂ ಬೆಕ್ಕಿಲ್ಲದೆ ಇಲ್ಲ, ಮುದ್ದಿಗಾಗಿ ಸಾಕಿದ್ದಲ್ಲ, ಕಾಳಿಗಾಗಿ. ನೆಲದೊಳಗಿನ ಹಗೇವು ಹೋಗಿ ಪ್ಲಾಸ್ಟಿಕ್ ಚೀಲ ಬಂದರೂ ಆ ಅಗತ್ಯ ಹೋಗಿಲ್ಲ. ಸೈಪ್ರಸ್ ದ್ವೀಪದಲ್ಲಿ ಮನುಷ್ಯನೊಬ್ಬನ ಪಕ್ಕದಲ್ಲೇ ಬೆಕ್ಕನ್ನೂ ಹೂತಿದ್ದ ಸುಮಾರು 9500 ವರ್ಷ ಹಳೆಯ ಗೋರಿ ಸಿಕ್ಕ ಸುದ್ದಿ 2004ರಲ್ಲಿ ಬಂದಿತ್ತು. ಕಾಡುಬೆಕ್ಕು ನಮ್ಮ ಹತ್ತಿರ ಬಂದದ್ದೇ ಮನುಷ್ಯ ಧಾನ್ಯ ಕೂಡಿಡಲು ಕಲಿತ ಮೇಲೆ. ಅಂದಿನಿಂದ ಅದು ನಮ್ಮ ಮನೆಯೊಳಗೆ ಇದ್ದರೂ ತನ್ನ ಸರಹದ್ದನ್ನು ತಾನೇ ಕಾಯುವ ಒಂಟಿ ಸ್ವಭಾವವನ್ನು ಪೂರ್ತಿ ಬಿಟ್ಟಿಲ್ಲ.

ನಮ್ಮ ಮನೆಯಲ್ಲಿ ಮೂರು ಬೆಕ್ಕುಗಳಿವೆ. ತಾಯಿ ಕರೆವ್ವ ಅಪ್ಪಟ ಕಪ್ಪು. ಮಗ ಮುತ್ತ, ಅವನೂ ಕಪ್ಪು. ಮಗಳು ಬಣ್ಣವ್ವನ ಮೈಮೇಲೆ ಕಪ್ಪು, ಕೆಂಚು ಎರಡೂ ಕಲಸಿಕೊಂಡಿವೆ. ಪೈಲ್ವಾನನಿಗೂ ನಮಗೂ ಇರುವ ನಂಟು ಬಣ್ಣವ್ವನ ಮೈಯಲ್ಲೇ ಇದೆ. ಬೆಕ್ಕಿನ ಕೆಂಚು ಬಣ್ಣದ ಜೀನು ಎಕ್ಸ್ ಕ್ರೋಮೋಸೋಮಿನಲ್ಲಿರುತ್ತದೆ. ಜಪಾನಿನ ಕ್ಯುಶು ಮತ್ತು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಗಳ ಎರಡು ತಂಡಗಳು 2025ರಲ್ಲಿ ಆ ಜೀನು ಯಾವುದೆಂಬುದನ್ನೂ ಗುರುತಿಸಿ ಪ್ರಕಟಿಸಿದವು. ಕೆಂಚು ತಂದೆ ತನ್ನ ಬಣ್ಣವನ್ನು ಹೆಣ್ಣುಮರಿಗಳಿಗೆ ಮಾತ್ರ ಕೊಡಬಲ್ಲ. ಗಂಡುಮರಿಗೆ ಆ ಬಣ್ಣ ಬರಬೇಕಾದರೆ ತಾಯಿಯಿಂದಲೇ ಬರಬೇಕು. ಹಾಗಾಗಿ ಕಪ್ಪು ತಾಯಿ, ಕೆಂಚು ತಂದೆಯ ಹೆಣ್ಣುಮಕ್ಕಳು ಎರಡು ಬಣ್ಣದವು, ಗಂಡುಮಕ್ಕಳು ಬರೀ ಕಪ್ಪು. ಇದನ್ನು ಓದಿಕೊಂಡ ಮೇಲೆ ಓಣಿಯ ಮರಿಗಳನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆ. ಮೂಲಿಮನೆಯ ಕಟ್ಟೆ, ಹಿಟ್ಟಿನ ಗಿರಣಿಯ ಹಿಂಭಾಗ, ಹತ್ತಿ ತುಂಬಿಡುವ ಕೋಣೆ, ಎಲ್ಲ ಕಡೆ ಎರಡು ಬಣ್ಣದ ಹೆಣ್ಣುಮರಿಗಳು. ಓಣಿಯ ತುಂಬ ಪೈಲ್ವಾನನ ಸಂಸಾರ. ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ತಂದೆಯರಿರುವುದು ಬೆಕ್ಕುಗಳಲ್ಲಿ ಸಾಮಾನ್ಯ, ಆದ್ದರಿಂದ ಮುತ್ತ ಅವನ ಮಗನೋ ಅಲ್ಲವೋ ಹೇಳಲಾಗದು. ಆದರೆ ಬಣ್ಣವ್ವನ ತಂದೆ ಕೆಂಚು ಗಂಡೇ, ಹಾಗಾಗಿ ಅವಳು ಅವನ ಮಗಳೇ ಇರಬೇಕು.

ಪೈಲ್ವಾನನಿಗೆ ಈ ಲೆಕ್ಕವಿಲ್ಲ. ರಾತ್ರಿ ಬೆಳಕಿಂಡಿಯಿಂದ ನಾಗೊಂದಿಗೆಗೆ, ಅಲ್ಲಿಂದ ಜೋಳದ ಚೀಲದ ಮೇಲೆ ಧುಮುಕಿ ನೇರ ಅನ್ನದ ತಾಟಿಗೆ ಬರುತ್ತಿತ್ತು. ತಿಂದು ಹೋಗಿದ್ದರೆ ಯಾರೂ ಬೇಡವೆನ್ನುತ್ತಿರಲಿಲ್ಲ. ಹೋಗುವ ಮುನ್ನ ಹೆಸರಿನ ಚೀಲಕ್ಕೆ ಬೆನ್ನುಮಾಡಿ ಬಾಲ ನಡುಗಿಸಿ ಉಚ್ಚೆ ಚಿಮ್ಮಿಸುತ್ತಿತ್ತು. ಆ ವಾಸನೆ ಗೊತ್ತಿದ್ದವರಿಗೇ ಗೊತ್ತು. ಫೆಲಿನಿನ್ ಎಂಬ ಅಮೈನೋ ಆಮ್ಲ ಒಡೆದು ಹುಟ್ಟುವ ಗಂಧಕದ ವಾಸನೆ ಅದು, ಬೀಜವಿರುವ ಗಂಡಿನಲ್ಲಿ ಎಲ್ಲಕ್ಕಿಂತ ಹೆಚ್ಚು. ಫಿನಾಯಿಲ್ ಹಾಕಿ ತೊಳೆದರೆ ಹೋಗುತ್ತದೆ ಎಂದು ಹಲವರು ಹೇಳಿದರು. ನಮ್ಮ ಮನೆಯಲ್ಲಿ ಫಿನಾಯಿಲ್ ತರುವುದಿಲ್ಲ. ಬೆಕ್ಕು ಆ ನೆಲದ ಮೇಲೆ ನಡೆದು ಆಮೇಲೆ ಪಾದ ನೆಕ್ಕಿಕೊಳ್ಳುತ್ತದೆ, ಫಿನಾಲ್ ಜಾತಿಯ ರಾಸಾಯನಿಕಗಳನ್ನು ಅರಗಿಸಿಕೊಳ್ಳುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರ ಕಡಿಮೆ. ಬಟ್ಟೆಗೆ ಹಾಕುವ ಕಿಣ್ವವಿರುವ ಸೋಪಿನ ಪುಡಿಯನ್ನು ಬೆಚ್ಚಗಿನ ನೀರಿನಲ್ಲಿ ಕಲಸಿ ತಿಕ್ಕಿ, ಮತ್ತೆ ಬರೀ ನೀರಿನಿಂದ ತೊಳೆದು, ಬಿಸಿಲಿಗೆ ಹಾಕುವುದೇ ಉಳಿದ ದಾರಿ. ಅತ್ತೆ ಆ ಹೆಸರನ್ನೆಲ್ಲ ಮಾಳಿಗೆಯ ಮೇಲೆ ಹರವಿ ಒಣಗಿಸಿ ಎಮ್ಮೆಗೆ ಇಟ್ಟರು.

ವಾಸನೆಗಿಂತ ದೊಡ್ಡ ಪೆಟ್ಟು ಬಿದ್ದದ್ದು ಮುತ್ತನಿಗೆ. ಒಂದು ಬೆಳಗ್ಗೆ ಅವನು ಒಲೆಯ ಹಿಂದಿನಿಂದ ಹೊರಗೆ ಬರಲಿಲ್ಲ. ಮೈ ಸುಡುತ್ತಿತ್ತು. ಬಾಲದ ಬುಡದಲ್ಲಿ ಬಾತಿತ್ತು, ಗಾಯ ಮಾತ್ರ ಕಾಣಲಿಲ್ಲ. ಊರಿನ ಪಶು ವೈದ್ಯರು ಕೂದಲು ಸರಿಸಿ ಸೂಜಿಮೊನೆಯಷ್ಟು ಮುಚ್ಚಿಹೋದ ತೂತು ತೋರಿಸಿದರು. ಬೆಕ್ಕಿನ ಕೋರೆಹಲ್ಲು ಸಪೂರ, ಆಳಕ್ಕೆ ಇಳಿಯುತ್ತದೆ. ಬಾಯಿಯಲ್ಲಿರುವ ಪಾಶ್ಚುರೆಲ್ಲಾದಂಥ ಬ್ಯಾಕ್ಟೀರಿಯಾಗಳನ್ನು ಒಳಗೆ ಬಿಟ್ಟು ಬರುತ್ತದೆ. ಮೇಲಿನ ಚರ್ಮ ಬೇಗ ಕೂಡಿಕೊಂಡು ಒಳಗೆ ಕೀವು ತುಂಬುತ್ತದೆ. ವೈದ್ಯರು ಅದನ್ನು ಕೊಯ್ದು ಕೀವು ತೆಗೆದು ತೊಳೆದರು. "ಎದುರು ನಿಂತ ಬೆಕ್ಕಿಗೆ ಮುಖಕ್ಕ, ಮುಂಗಾಲಿಗೆ ಗಾಯ ಆಗಿರ್ತೈತಿ. ಓಡಿದ್ದಕ್ಕ ಹಿಂದ ಆಗಿರ್ತೈತಿ. ನಿಮ್ಮ ಹುಡುಗ ಓಡ್ಯಾನ" ಎಂದರು. ಮುತ್ತ ಜಗಳಕ್ಕೆ ಹೋದವನಲ್ಲ ಎಂದು ಗೊತ್ತಾಗಿ ನನಗೆ ಕರುಳು ಕಿವುಚಿತು. ರೇಬೀಸ್ ಲಸಿಕೆಯನ್ನೂ ಅಂದೇ ಹಾಕಿದರು. ಹೊರಡುವಾಗ ಅವರು ಹೇಳಿದ ಒಂದು ಮಾತನ್ನು ಬೆಕ್ಕು ಸಾಕಿದ ಪ್ರತಿಯೊಬ್ಬರಿಗೂ ಹೇಳುತ್ತ ಬಂದಿದ್ದೇನೆ: ಜ್ವರ ಇದೆಯೆಂದು ಮನುಷ್ಯರ ಪ್ಯಾರಾಸಿಟಮಾಲ್ ಗುಳಿಗೆಯನ್ನು ಬೆಕ್ಕಿಗೆ ಕೊಡಬಾರದು, ಅರ್ಧ ಗುಳಿಗೆಯೂ ಅದರ ಪ್ರಾಣ ತೆಗೆಯಬಹುದು.

ಆಮೇಲೆ ಮನೆಯೊಳಗೇ ಜಗಳ ಹತ್ತಿತು. ಮುತ್ತ ಕಿಟಕಿಯಲ್ಲಿ ಕೂತಿದ್ದಾಗ ಎದುರು ಗೋಡೆಯ ಮೇಲೆ ಪೈಲ್ವಾನ ಕಾಣಿಸಿದ. ಮುತ್ತನ ಬಾಲ ಉಬ್ಬಿತು, ಮೈ ಬಿಲ್ಲಾಯಿತು. ಅದೇ ಹೊತ್ತಿಗೆ ಪಕ್ಕದಿಂದ ಹಾದುಹೋದ ಹೆತ್ತ ತಾಯಿಯ ಮೇಲೆ ಅವನು ಎಗರಿಬಿದ್ದ. ನಿಜವಾದ ವೈರಿ ಕೈಗೆ ಸಿಗದಾಗ ಬೆಕ್ಕಿನ ಸಿಟ್ಟು ಹತ್ತಿರ ಇದ್ದವರ ಮೇಲೆ ಹರಿಯುತ್ತದೆ, ಗಂಟೆಗಟ್ಟಲೆ, ಒಮ್ಮೊಮ್ಮೆ ದಿನಗಟ್ಟಲೆ ಇಳಿಯುವುದಿಲ್ಲ. ಇಂಥ ಹೊತ್ತಿನಲ್ಲಿ ಬಿಡಿಸಲು ನಡುವೆ ಕೈ ಹಾಕಬಾರದು. ಅತ್ತೆ ಹಿತ್ತಾಳೆ ತಾಟು ಬಡಿದರು, ನಾನು ಗೋಣಿಚೀಲ ಎಸೆದೆ, ತಾಯಿ, ಮಗ ಇಬ್ಬರೂ ಎರಡು ದಿಕ್ಕಿಗೆ ಓಡಿದರು. ಮುತ್ತನನ್ನು ಕತ್ತಲ ಕೋಣೆಯಲ್ಲಿ ನೀರು, ಅನ್ನ ಇಟ್ಟು ಬೇರೆ ಇರಿಸಿದೆವು. ಇವನು ಮಲಗಿದ ಹರಕು ಕೌದಿಯನ್ನು ಅವಳ ಹತ್ತಿರ, ಅವಳದನ್ನು ಇವನ ಹತ್ತಿರ ಹಾಕಿ ವಾಸನೆಯ ಪರಿಚಯ ಮತ್ತೆ ಮಾಡಿಸಬೇಕಾಯಿತು. ಆ ಕಿಟಕಿಯ ಕೆಳಭಾಗಕ್ಕೆ ಕಾಗದ ಅಂಟಿಸಿದೆವು. ಬೆಳಕಿಂಡಿಗೆ ಕಬ್ಬಿಣದ ಜಾಳಿಗೆ ಹಾಕಿಸಿದೆವು. ರಾತ್ರಿ ತಾಟಿನಲ್ಲಿ ಅನ್ನ ಬಿಡುವುದನ್ನು ನಿಲ್ಲಿಸಿದೆವು.

ಜಾಳಿಗೆ ನಮ್ಮ ಮನೆಯನ್ನು ಕಾಯಿತು. ಪೈಲ್ವಾನ ಪಕ್ಕದ ಮನೆಯ ಬೆಳಕಿಂಡಿಗೆ ಹೋದ. ಅವರ ಮನೆಯಲ್ಲಿ ಮರಿಗಳಿದ್ದವು. ಪರರ ಮರಿಗಳನ್ನು ಗಂಡಬೆಕ್ಕು ಕೊಲ್ಲುವುದುಂಟು, ಮರಿ ಸತ್ತ ತಾಯಿ ಬೇಗ ಬೆದೆಗೆ ಬರುತ್ತಾಳೆ. ಅವರ ಮನೆಯ ಹುಡುಗಿ ಎರಡು ಸತ್ತ ಮರಿಗಳನ್ನು ಟಾವೆಲ್ಲಿನಲ್ಲಿ ಸುತ್ತಿಕೊಂಡು ನಮ್ಮ ಬಾಗಿಲಿಗೆ ಬಂದು ಅತ್ತಳು. ನಾವೊಬ್ಬರೇ ಜಾಳಿಗೆ ಹಾಕಿಕೊಂಡು ಸುಮ್ಮನೆ ಕೂರಲಾಗದು ಎಂದು ಆ ದಿನ ಅನಿಸಿತು. ಮಾಳಿಗೆ ಎಲ್ಲರದೂ ಒಂದೇ ಆದ ಮೇಲೆ ಅದರ ಮೇಲೆ ತಿರುಗುವ ಬೆಕ್ಕೂ ಎಲ್ಲರದೇ.

ಓಣಿಯ ಕಟ್ಟೆಯ ಮೇಲೆ ಸಲಹೆಗಳಿಗೆ ಬರವಿರಲಿಲ್ಲ. "ಚೀಲದಾಗ ಹಾಕಿ ಮೂರು ಹಳ್ಳ ದಾಟಿಸಿ ಬಿಟ್ಟ ಬರ್ರಿ, ಮತ್ತ ದಾರಿ ಸಿಗಂಗಿಲ್ಲ" ಎಂದರು ಒಬ್ಬರು. ಹಳ್ಳ ದಾಟಿಸಿದ ಬೆಕ್ಕು ಇನ್ನೊಂದು ಬೆಕ್ಕಿನ ಸರಹದ್ದಿನಲ್ಲಿ ಬೀಳುತ್ತದೆ. ನೀರಿನ ಜಾಗ ಗೊತ್ತಿಲ್ಲ, ಅಡಗುವ ಮೂಲೆ ಗೊತ್ತಿಲ್ಲ. ಹಸಿವಿನಿಂದಲೋ ಕಚ್ಚಾಟದಿಂದಲೋ ಸಾಯುತ್ತದೆ. ಇತ್ತ ಅದು ಬಿಟ್ಟುಹೋದ ಮಾಳಿಗೆಯಲ್ಲಿ ಹೆಣ್ಣುಬೆಕ್ಕುಗಳೂ ಎಸೆದ ಅನ್ನವೂ ಹಾಗೆಯೇ ಇರುವುದರಿಂದ ಹೊಸ ಗಂಡೊಂದು ಬಂದು ಕೂರುತ್ತದೆ. ಇನ್ನೊಬ್ಬರು ಇಲಿ ಪಾಷಾಣದ ಮಾತೆತ್ತಿದರು. ನನಗೆ ಸಿಟ್ಟು ಬಂತು. ವಿಷ ಹಾಕಿ ಪ್ರಾಣಿ ಕೊಲ್ಲುವುದು ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಲ್ಲಿ ಐದು ವರ್ಷದವರೆಗೆ ಸೆರೆವಾಸ ಆಗಬಹುದಾದ ಅಪರಾಧ, ಅದು ಇರಲಿ. ಒಂದೇ ಮಾಳಿಗೆಯ ಮೇಲೆ ಇಟ್ಟ ವಿಷ ಪೈಲ್ವಾನನನ್ನು ಹುಡುಕಿಕೊಂಡು ಹೋಗುತ್ತದೆಯೇ? ಮೊದಲು ಮೂಸುವವಳು ಕರೆವ್ವ, ಇಲ್ಲವೇ ಪಕ್ಕದ ಮನೆಯ ಮರಿ, ಇಲ್ಲವೇ ಹಪ್ಪಳ ಹೆಕ್ಕಲು ಬಂದ ಕಾಗೆ. ಅತ್ತೆಯವರು ಕಾನೂನು ಹೇಳಲಿಲ್ಲ. ಬೆಕ್ಕು ಕೊಂದವರು ಬಂಗಾರದ ಬೆಕ್ಕು ಮಾಡಿಸಿ ದಾನ ಕೊಟ್ಟರೂ ಪಾಪ ಹೋಗುವುದಿಲ್ಲ ಎಂಬ ಹಿಂದಿನವರ ಮಾತನ್ನು ನೆನಪಿಸಿ, "ಬೀದ್ಯಾಗ ಹುಟ್ಟಿದ್ದು ಅದರ ತಪ್ಪೇನ?" ಎಂದಷ್ಟೇ ಕೇಳಿದರು. ಕಾನೂನಿಗಿಂತ ಬಹಳ ಹಿಂದಿನಿಂದ ನಮ್ಮ ಊರುಗಳಲ್ಲಿ ಬೆಕ್ಕಿನ ಜೀವ ಉಳಿಸಿದ್ದು ಈ ನಂಬಿಕೆ. ಅದರ ಬಗ್ಗೆ ನನಗೆ ಗೌರವವಿದೆ.

ಬೀಜ ಒಡೆಸುವ ಮಾತನ್ನು ನಾನು ಎತ್ತಿದಾಗ ಕಟ್ಟೆ ಸುಮ್ಮನಾಯಿತು. ಬೆಕ್ಕಿಗೆ ಆಪರೇಷನ್ನು? ಅದೂ ಯಾರದೋ ಬೆಕ್ಕಿಗೆ? ಎರಡು ಜೋಡಿ ಎತ್ತು ಕಟ್ಟಿದ ಹಿರಿಯ ಒಕ್ಕಲಿಗರೊಬ್ಬರು ಮಾತು ಹಗುರ ಮಾಡಿದರು. "ಹೋರಿ ಹಾಯತಿರತೈತಿ. ಬೀಜ ಒಡಸಿದ ಮ್ಯಾಲ ಅದ ಎತ್ತಾಗಿ ಗಳೇಕ ಹೊಕ್ಕತೈತಿ. ಸಣ್ಣ ಹುಡುಗ ಹಗ್ಗ ಹಿಡದರೂ ಸುಮ್ಮನ ಹೊಕ್ಕತೈತಿ. ಬೆಕ್ಕಿಗೆ ಯಾಕ ಹಂಗ ಆಗಬಾರದು?" ಎರೆಹೊಲದ ಊರಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಬೆಂಜಮಿನ್ ಹಾರ್ಟ್ ಮತ್ತು ಬ್ಯಾರೆಟ್ ಎಂಬವರು 1973ರಲ್ಲಿ ಪ್ರಕಟಿಸಿದ ಅಧ್ಯಯನವೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತದೆ: ಬೀಜ ತೆಗೆಸಿದ ಬಲಿತ ಗಂಡುಬೆಕ್ಕುಗಳಲ್ಲಿ ಹತ್ತಕ್ಕೆ ಎಂಟೊಂಬತ್ತರಲ್ಲಿ ಅಲೆದಾಟ, ಕಚ್ಚಾಟ, ಉಚ್ಚೆ ಚಿಮ್ಮಿಸುವುದು ಕಡಿಮೆಯಾದವು.

ಮೊದಲು ನಮ್ಮವನ್ನೇ ಕರೆದೊಯ್ದೆವು. ಬೇರೆಯವರ ಬೆಕ್ಕಿಗೆ ಹೇಳುವ ಮುನ್ನ ನಮ್ಮ ಮನೆ ಸರಿಯಾಗಬೇಕು. ಮುತ್ತನದು ಸಣ್ಣ ಶಸ್ತ್ರಕ್ರಿಯೆ. ಕರೆವ್ವ, ಬಣ್ಣವ್ವರದು ಹೊಟ್ಟೆ ಕೊಯ್ದು ಮಾಡುವಂಥದ್ದು, ಹೊಲಿಗೆ ಮಾಯುವವರೆಗೆ ಒಳಗೇ ಇಟ್ಟು ನೋಡಿಕೊಂಡೆವು. ಬೆಕ್ಕು ಐದಾರು ತಿಂಗಳಿಗೇ ಗಬ್ಬ ನಿಲ್ಲಬಲ್ಲದು, ಸುಮಾರು 65 ದಿನಕ್ಕೆ ಈಯುತ್ತದೆ, ಹಾಲೂಡುತ್ತಿರುವಾಗಲೇ ಮತ್ತೆ ಬೆದೆಗೆ ಬರಬಲ್ಲದು. ಹೆಣ್ಣುಗಳನ್ನು ಹಾಗೆಯೇ ಬಿಟ್ಟು ಗಂಡನ್ನು ಬೈದರೆ ಪ್ರಯೋಜನವಿಲ್ಲ, ಹೆಣ್ಣಿನ ವಾಸನೆಯೇ ಗಂಡುಗಳನ್ನು ಊರಾಚೆಯಿಂದ ಕರೆತರುತ್ತದೆ.

ಪೈಲ್ವಾನನನ್ನು ಹಿಡಿಯುವುದು ತಾಳ್ಮೆಯ ಕೆಲಸವಾಯಿತು. ಇಲಿಯ ಪಂಜರ ಸಾಲದು. ಕೋಳಿ ಸಾಗಿಸುವ ತಂತಿಯ ಪಂಜರವೊಂದನ್ನು ಓಣಿಯವರೊಬ್ಬರು ಕೊಟ್ಟರು. ನಮ್ಮ ಮನೆಯಲ್ಲಿ ಮಾಂಸ, ಮೀನು ಇಲ್ಲ. ಹಿಂದಿನ ಓಣಿಯ ಗೆಳತಿ ಸಂತೆಯಿಂದ ಒಣಮೀನು ತಂದು ಕಾಗದದಲ್ಲಿ ಸುತ್ತಿ ಕೊಟ್ಟಳು. ಪಂಜರದ ಬಾಗಿಲನ್ನು ತೆರೆದೇ ಕಟ್ಟಿ, ಕಣಕಿಯ ಬಣವೆಯ ನೆರಳಿನಲ್ಲಿ ಇಟ್ಟು, ದಿನಾ ಒಂದೇ ಹೊತ್ತಿಗೆ ಒಳಗೆ ಮೀನು ಇಡುತ್ತ ಹೋದೆವು. ಮೊದಮೊದಲು ಕತ್ತು ಮಾತ್ರ ಒಳಗೆ. ಆಮೇಲೆ ಮುಂಗಾಲು. ಆಮೇಲೆ ಇಡೀ ಮೈ ಒಳಗಿಟ್ಟು ಬೆನ್ನು ನಮ್ಮ ಕಡೆ ಮಾಡಿ ತಿನ್ನತೊಡಗಿದ. ಬೀದಿಬೆಕ್ಕು ನಮಗೆ ಬೆನ್ನು ತೋರಿಸಿ ಉಣ್ಣುವುದು ಎಷ್ಟು ದೊಡ್ಡ ಮಾತು ಎಂಬುದು ಅದನ್ನು ಕಾದು ನೋಡಿದವರಿಗೆ ತಿಳಿಯುತ್ತದೆ. ಬಾಗಿಲು ಇಳಿಸಿದ ಸಂಜೆ ಅವನು ತಂತಿಗೆ ಮುಖ ತಿಕ್ಕಿ ಕೂಗಿದ. ಪಂಜರದ ಮೇಲೆ ದಪ್ಪ ಚಾದರ ಮುಚ್ಚಿದ ಕೂಡಲೆ ಸುಮ್ಮನಾದ. ಅರಿವಳಿಕೆ ಕೊಡುವಾಗ ಹೊಟ್ಟೆ ಖಾಲಿ ಇರಬೇಕಾದ್ದರಿಂದ ಆ ರಾತ್ರಿ ಮತ್ತೇನೂ ಹಾಕಲಿಲ್ಲ. ಬೆಳಗ್ಗೆ ಬಾಡಿಗೆ ಟಂಟಂನಲ್ಲಿ ಹುಬ್ಬಳ್ಳಿಗೆ, ಇಪ್ಪತ್ತು ಕಿಲೋಮೀಟರಿನ ಆಸುಪಾಸಿನ ದಾರಿ. ಖರ್ಚನ್ನು ಓಣಿಯ ಮನೆಗಳೆಲ್ಲ ಹಂಚಿಕೊಂಡವು. ಪಾಷಾಣದ ಮಾತೆತ್ತಿದ್ದವರೂ ಕೊಟ್ಟರು.

ಹುಬ್ಬಳ್ಳಿಯ ವೈದ್ಯರು ಅವನ ಹಲ್ಲು ನೋಡಿ ನಾಲ್ಕೈದು ವರ್ಷ ಇರಬೇಕೆಂದರು. ಒಂದು ಕೋರೆ ಮುರಿದಿತ್ತು. ಕತ್ತಿನಲ್ಲಿ ಮಾಯದ ಹಳೆಯ ಹುಣ್ಣಿತ್ತು, ಅದನ್ನೂ ತೊಳೆದರು. ಕಚ್ಚಾಟದಿಂದ ಬೆಕ್ಕಿನಿಂದ ಬೆಕ್ಕಿಗೆ ಹರಡುವ ಎಫ್‌ಐವಿ ಎಂಬ ವೈರಸ್ಸಿನ ಬಗ್ಗೆ ಅವರೇ ವಿವರಿಸಿದರು. ನೀಲ್ಸ್ ಪೆಡರ್ಸನ್ ಮತ್ತು ಸಂಗಡಿಗರು ಅದನ್ನು 1986ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಂಡುಹಿಡಿದದ್ದು. ಮನುಷ್ಯರ ಎಚ್‌ಐವಿಗೆ ಅದು ದೂರದ ಸಂಬಂಧಿ, ಮನುಷ್ಯರಿಗೆ ತಗಲುವುದಿಲ್ಲ, ಬೆಕ್ಕಿನ ರೋಗನಿರೋಧ ಶಕ್ತಿಯನ್ನು ವರ್ಷಗಟ್ಟಲೆ ಒಳಗೊಳಗೇ ತಿನ್ನುತ್ತದೆ. ಅದಕ್ಕೆ ಎಲ್ಲಕ್ಕಿಂತ ಹೆಚ್ಚು ಬಲಿಯಾಗುವವು ಇಂಥ ಕಾದಾಡುವ ಬೀದಿ ಗಂಡುಗಳೇ. ಮಾಳಿಗೆಯ ಮೇಲೆ ನಮ್ಮನ್ನೆಲ್ಲ ನಡುಗಿಸಿದ ಪ್ರಾಣಿ ಮೇಜಿನ ಮೇಲೆ ನಾಲಿಗೆ ಹೊರಚಾಚಿ ಮಲಗಿತ್ತು. ಪಾದದ ಮೆತ್ತೆಗಳು ಬಿಸಿಲಿಗೆ ಕಾದ ಮಣ್ಣಿನ ಮೇಲೆ ನಡೆದು ಸೀಳಿದ್ದವು. ಇಷ್ಟು ದಿನ ಈ ಜೀವಕ್ಕೆ ಒಂದು ರಾತ್ರಿಯೂ ನೆಮ್ಮದಿಯ ನಿದ್ದೆ ಇದ್ದಿರಲಾರದು. ಮತ್ತೆ ಯಾರೂ ಹಿಡಿದು ಕೊಯ್ಯದಿರಲೆಂದು ಗುರುತಿಗೆ ಎಡಗಿವಿಯ ತುದಿಯನ್ನು ನೇರವಾಗಿ ಕತ್ತರಿಸಿದರು. ರೇಬೀಸ್ ಲಸಿಕೆ ಹಾಕಿದರು.

ತಂದು ಅದೇ ಮಾಳಿಗೆಯ ಮೇಲೆ ಬಿಟ್ಟೆವು. ಬೇರೆಡೆ ಬಿಡುವ ಪ್ರಶ್ನೆಯೇ ಇರಲಿಲ್ಲ. ಮರುದಿನವೇ ಎಲ್ಲ ಬದಲಾಗಲಿಲ್ಲ. ಬೀಜ ತೆಗೆದ ಮೇಲೆ ರಕ್ತದಲ್ಲಿ ಹಾರ್ಮೋನು ಬೇಗ ಇಳಿಯುತ್ತದೆ, ಅಭ್ಯಾಸ ಇಳಿಯಲು ವಾರಗಳು ಬೇಕು. ಬೇಸಿಗೆ ಮುಗಿಯುವ ಹೊತ್ತಿಗೆ ರಾತ್ರಿಯ ಕೂಗು ನಿಂತಿತ್ತು. ಹೆಸರಿನ ಚೀಲಗಳ ಹತ್ತಿರ ವಾಸನೆ ಇರಲಿಲ್ಲ. ಪಕ್ಕೆಲುಬು ಮುಚ್ಚಿಕೊಂಡವು, ಕೆನ್ನೆ ಇಳಿದು ಮುಖ ಸಣ್ಣದಾಯಿತು. ಅವನ ತಾಟನ್ನು ಬಣವೆಯ ಹತ್ತಿರ ಬೇರೆ ಇಡುತ್ತೇವೆ, ನಮ್ಮ ಬೆಕ್ಕುಗಳದು ಒಳಗೆ. ಮುತ್ತನಿಗೆ ಅವನ ಮೇಲಿನ ಭಯ ಪೂರ್ತಿ ಹೋಗಿಲ್ಲ, ಹೋಗಬೇಕೆಂದೂ ಇಲ್ಲ. ಎರಡೂ ಒಂದೇ ಮಾಳಿಗೆಯ ಎರಡು ಮೂಲೆಯಲ್ಲಿ ಬಿಸಿಲು ಕಾಯುತ್ತವೆ, ನಡುವೆ ಒಣಹಾಕಿದ ಶೇಂಗಾ. ಅಷ್ಟು ದೂರ ಇಬ್ಬರಿಗೂ ಸಾಕು.

ಪಕ್ಕದ ಮನೆಯವರು ತಮ್ಮ ಹೆಣ್ಣುಬೆಕ್ಕನ್ನು ಈ ಸಲ ಈಯುವ ಮುನ್ನವೇ ಕರೆದೊಯ್ದರು. ಗಿರಣಿಯ ಹಿಂದಿನ ಎರಡು ಬಣ್ಣದ ಹುಡುಗಿಯರ ಸರದಿ ದಸರೆಯೊಳಗೆ ಮುಗಿಸಬೇಕೆಂದು ಕಟ್ಟೆಯಲ್ಲಿ ಮಾತಾಗಿದೆ. ಹೆಸರು ಬಿಡಿಸುವ ದಿನಗಳಲ್ಲಿ ಸ್ಟೇಷನ್ನಿನ ಕಡೆಯಿಂದ ಬೂದುಬಣ್ಣದ, ಪಟ್ಟೆಪಟ್ಟೆಯ ಹರೆಯದ ಗಂಡೊಂದು ಬಂದು ಬಣವೆಯ ಮೇಲೆ ಕೂತಿತ್ತು. ಕಿವಿ ಎರಡೂ ಪೂರ್ತಿ ಇದ್ದವು, ಕೆನ್ನೆ ಇನ್ನೂ ಉಬ್ಬಿರಲಿಲ್ಲ. ಮಳೆ ಬಿಡುವವರೆಗೆ ಕಾಯುವುದು ಬೇಡ ಎಂದುಕೊಂಡು ಹಿರಿಯ ಒಕ್ಕಲಿಗರ ಮನೆಗೆ ಹೋಗಿ ಪಂಜರ ಕೇಳಿದೆ.

"ನಮ್ಮ ಹಿತ್ತಲದಾಗ ಐತಿ, ಸಂಜಿಗೆ ಹುಡುಗನ ಕೈಲೆ ಕಳಿಸ್ತೀನಿ. ನೀವು ಒಣಮೀನ ತರಿಸಿ ಇಡ್ರಿ" ಎಂದರು.